ಒಂಬತ್ತನೇ ಮನೆ ಆದಮೇಲೆ ಹನ್ನೆರಡನೇ ಮನೆ

ಲೈಬ್ರರಿಗೆ ಸೇರಿದ ಮೇಲೆ ನಾನು ಕೊಟ್ಟ ಮೊದಲ ಪಾಠ ಇಪ್ಪತ್ತು ನಿಮಿಷದ್ದು. ಕೇಳಿದವರು ಒಬ್ಬರೇ. ಆ ಪಾಠದ ದೆಸೆಯಿಂದ ಅವರು ಕಳ್ಳ ಎನಿಸಿಕೊಂಡರು, ನಾನು ಬುದ್ಧಿವಂತ ಎನಿಸಿಕೊಂಡೆ. ಅದು ಹೇಗಾಯಿತೆಂದು ಒಂದನ್ನೂ ಬಿಡದೆ ಬರೆಯಬೇಕೆಂದು ಬಹಳ ದಿನದಿಂದ ಮನಸ್ಸಿನಲ್ಲಿತ್ತು. ಬರೆಯುವಾಗ ನನ್ನ ಪರವಾಗಿ ಏನಾದರೂ ಸೇರಿಸಿಬಿಡುತ್ತೇನೋ ಎಂಬ ಭಯಕ್ಕೆ ಮುಂದೂಡುತ್ತಾ ಬಂದೆ.

ಕಾಲೇಜು ಮಾಗಡಿ ರಸ್ತೆಯ ಬದಿಗಿತ್ತು. ಒಂದು ಕಡೆ ರಾಜಾಜಿನಗರದ ಹೊಸ ಬ್ಲಾಕುಗಳು ಏಳುತ್ತಿದ್ದವು, ಇನ್ನೊಂದು ಕಡೆ ಹೊಸಹಳ್ಳಿಯವರ ರಾಗಿ ಹೊಲ. ಲೈಬ್ರರಿ ಎಂದರೆ ಉದ್ದನೆಯ ಹೆಂಚಿನ ಕಟ್ಟಡ, ಮಧ್ಯಕ್ಕೆ ಅಡ್ಡಲಾಗಿ ತಂತಿಜಾಲರಿ. ಜಾಲರಿಯ ಈಚೆ ಓದುವ ಮೇಜುಗಳು, ಕಾರ್ಡುಗಳ ಡ್ರಾಯರುಗಳು, ಲೈಬ್ರೇರಿಯನ್ನರ ಕುರ್ಚಿ, ಕಾರ್ಡು ಬರೆಯುವ ಅಸಿಸ್ಟೆಂಟನಾದ ನನ್ನ ಸ್ಟೂಲು. ಆಚೆ ಆರು ಸಾವಿರ ಪುಸ್ತಕ. ಆಗ ವಿದ್ಯಾರ್ಥಿಗಳನ್ನು ಪುಸ್ತಕದ ಹತ್ತಿರ ಬಿಡುವ ಪದ್ಧತಿ ಇರಲಿಲ್ಲ. ಬೇಕಾದವರು ಕಾರ್ಡು ನೋಡಿ, ಅದರ ಎಡಮೂಲೆಯಲ್ಲಿರುವ ಕಾಲ್ ನಂಬರನ್ನು ಚೀಟಿಯಲ್ಲಿ ಬರೆದು ಜಾಲರಿಯ ಕಿಂಡಿಯೊಳಗೆ ಹಾಕಬೇಕು. ಒಳಗಿರುವ ಅಟೆಂಡರು ಅದೇ ನಂಬರು ಬೆನ್ನ ಮೇಲಿರುವ ಪುಸ್ತಕವನ್ನು ಹುಡುಕಿ ತಂದು ಕಿಂಡಿಯಲ್ಲಿ ಇಡಬೇಕು. ನಂಬರು ಎಂದರೆ ಮೇಲೆ ವಿಷಯವನ್ನು ಹೇಳುವ ಅಂಕಿ, ಉದಾಹರಣೆಗೆ 338.12. ಅದರ ಕೆಳಗೆ ಬರೆದವರ ಹೆಸರಿನ ಮೂರು ಇಂಗ್ಲಿಷ್ ಅಕ್ಷರ.

ಆ ಅಟೆಂಡರು ಹೊಸಹಳ್ಳಿಯವರು, ಐವತ್ತರ ಹತ್ತಿರದ ವಯಸ್ಸು. ಅವರ ಹೊಲ ಬಡಾವಣೆಗೆ ಹೋದ ಮೇಲೆ ಕಾಲೇಜಿನಲ್ಲಿ ಕೆಲಸಕ್ಕೆ ಸೇರಿದ್ದರು. ಕನ್ನಡ ನಿಧಾನವಾಗಿ ಓದುತ್ತಿದ್ದರು. ಇಂಗ್ಲಿಷಿನಲ್ಲಿ ಅವರಿಗೆ ಬರುತ್ತಿದ್ದದ್ದು ಅಂಕಿ ಮಾತ್ರ, ಅದೂ ಸರ್ವೆಯವರು ಹೊಲದಲ್ಲಿ ನೆಟ್ಟ ಕಲ್ಲುಗಳನ್ನು ನೋಡಿ ಕಲಿತದ್ದು. ನನಗಿಂತ ಎರಡು ಪಟ್ಟು ವಯಸ್ಸಾದವರನ್ನು ಹೆಸರು ಹಿಡಿದು ಕರೆಯಲು ನಾಲಿಗೆ ಹೊರಳದೆ ನಾನು ‘ಯಜಮಾನ್ರೇ’ ಎನ್ನುತ್ತಿದ್ದೆ. ಅಷ್ಟು ಮರ್ಯಾದೆ ಕೊಟ್ಟೆ, ಮಿಕ್ಕಿದ್ದನ್ನು ಕೊಡಲಿಲ್ಲ.

ಒಂದು ಶನಿವಾರ ಲೈಬ್ರೇರಿಯನ್ನರು ನನ್ನನ್ನು ಕರೆದು, “ಸೋಮವಾರ ಕಿಂಡಿ ತೆಗೀಬೇಕು. ಇವನಿಗೆ ನಂಬರ್ ಹೇಗೆ ಜೋಡಿಸ್ತಾರೆ, ಹೇಗೆ ಹುಡುಕ್ತಾರೆ ಅಂತ ಇವತ್ತೇ ಹೇಳ್ಕೊಡಪ್ಪ,” ಎಂದರು. ಅವರಿಗೆ ಗೂರಲು, ಪುಸ್ತಕದ ಧೂಳು ಮೂಗಿಗೆ ಬಿದ್ದರೆ ಸಂಜೆಯವರೆಗೆ ಉಬ್ಬಸ ಬಿಡುತ್ತಿರಲಿಲ್ಲ. ಹಾಗಾಗಿ ಜಾಲರಿಯ ಆಚೆ ಅವರು ಕಾಲಿಡುತ್ತಿರಲಿಲ್ಲ. ನನಗೋ, ಮೆಜೆಸ್ಟಿಕ್ಕಿನಲ್ಲಿ ಮ್ಯಾಟಿನಿಗೆ ಗೆಳೆಯರು ಕಾಯುತ್ತಿದ್ದರು. ಗಡಿಯಾರ ನೋಡಿಕೊಂಡೇ ಪಾಠ ಶುರು ಮಾಡಿದೆ.

ಚುಕ್ಕಿಯ ಹಿಂದಿನ ಮೂರು ಅಂಕಿ ಅವರಿಗೆ ಕೂಡಲೇ ಹತ್ತಿತು. 330 ಆದಮೇಲೆ 331, ಅದರಾಚೆ 332. ಆಮೇಲೆ ಅವರು ಒಂದು ಪುಸ್ತಕದ ಬೆನ್ನ ಮೇಲೆ ಬೆರಳಿಟ್ಟು, “ಈ ಚುಕ್ಕಿ ಯಾತಕ್ಕೆ ಸ್ವಾಮಿ?” ಎಂದರು.

ದಶಾಂಶ ಎಂದರೆ ಏನೆಂದು ಹೇಳಲು ಹೊರಟರೆ ಮ್ಯಾಟಿನಿ ಕೈಬಿಟ್ಟಂತೆಯೇ. “ಚುಕ್ಕೀನ ತಲೆಗೆ ಹಚ್ಕೋಬೇಡಿ ಯಜಮಾನ್ರೇ,” ಎಂದೆ. “ರಾಜಾಜಿನಗರದಲ್ಲಿ ಬೀದಿ, ಮನೆ ನಂಬರ್ ಇಲ್ವಾ, ಹಂಗೇ ಇದು. ಚುಕ್ಕಿಗೆ ಮುಂಚೆ ಇರೋದು ಬೀದಿ. ಆದ್ಮೇಲೆ ಇರೋದು ಮನೆ. ಮುನ್ನೂರ ಮೂವತ್ತೆಂಟನೇ ಬೀದೀಲಿ ಒಂಬತ್ತನೇ ಮನೆ ಆದ್ಮೇಲೆ ಹನ್ನೆರಡನೇ ಮನೆ. ಆಯ್ತಲ್ಲ?”

“ಆಯ್ತು ಸ್ವಾಮಿ. ಒಂಬತ್ತಾದ್ಮೇಲೆ ಹನ್ನೆರಡು. ಇದ್ರಲ್ಲೇನಿದೆ?” ಎಂದು ನಕ್ಕರು.

ಲೈಬ್ರರಿಯ ಕೆಲಸ ಬಲ್ಲವರಿಗೆ ಇಷ್ಟರಲ್ಲೇ ಎದೆ ಧಸಕ್ಕೆನ್ನಬೇಕು. ಬಾರದವರಿಗೆ ಹೇಳುತ್ತೇನೆ. ಚುಕ್ಕಿಯಾದಮೇಲಿನ ಅಂಕಿಗಳನ್ನು ಒಟ್ಟಾಗಿ ಹನ್ನೆರಡು ಎಂದು ಓದಬಾರದು, ಒಂದು, ಎರಡು ಎಂದು ಬಿಡಿಯಾಗಿ ಓದಬೇಕು. ಒಂದರಿಂದ ಶುರುವಾಗುವುದೆಲ್ಲ ಮುಗಿದ ಮೇಲೆ ಎರಡರದು, ಹೀಗೆ. 338.12 ಎಂಬುದು 338.1ರ ಪಕ್ಕದಲ್ಲಿ, 338.2ಕ್ಕಿಂತ ಮೊದಲು ಕೂರಬೇಕು. 338.9 ಅದಕ್ಕಿಂತ ಬಹಳ ಆಚೆ. ನನಗೆ ಇದು ಚೆನ್ನಾಗಿ ಗೊತ್ತಿತ್ತು. ಎರಡಂಕಿಯ ಪುಸ್ತಕ ಹೆಚ್ಚಿಲ್ಲ, ಸೋಮವಾರ ಬಂದು ತಿದ್ದಿದರಾಯಿತು ಎಂದುಕೊಂಡು ಸೈಕಲ್ ಹತ್ತಿದೆ. ಸೋಮವಾರ ಬಂತು, ಮರೆತೆ.

ಎರಡು ವರ್ಷ ನನಗೆ ಅದರ ನೆನಪೇ ಆಗಲಿಲ್ಲ, ಏಕೆಂದರೆ ಒಂದು ದಿನವೂ ಒಂದು ಪುಸ್ತಕವೂ ಸಿಗಲಿಲ್ಲ ಎಂದಾಗಲಿಲ್ಲ. ಚೀಟಿ ಒಳಗೆ ಹೋಗುತ್ತಿತ್ತು, ಬರಿಗಾಲಿನ ಸದ್ದು ಅತ್ತ ಹೋಗಿ ಇತ್ತ ಬರುತ್ತಿತ್ತು, ಪುಸ್ತಕ ಕಿಂಡಿಯಲ್ಲಿರುತ್ತಿತ್ತು. ಮೊದಲ ವಾರಗಳಲ್ಲೇ ಪುಸ್ತಕಗಳನ್ನೆಲ್ಲ ಅವರು ಕಲಿತ ಲೆಕ್ಕಕ್ಕೆ ಜೋಡಿಸಿಕೊಂಡಿದ್ದರು, ಅದೇ ಲೆಕ್ಕದಲ್ಲೇ ಹುಡುಕುತ್ತಿದ್ದರು. ಕೆಳಗಿನ ಮೂರು ಅಕ್ಷರ ಅವರಿಗೆ ಓದಲು ಬಾರದು, ಆಕಾರ ನೋಡಿ ಹೊಂದಿಸುತ್ತಿದ್ದರು. ಬೇರೆ ಕಾಲೇಜಿನಿಂದ ಬಂದ ಮೇಷ್ಟರೊಬ್ಬರು “ನಿಮ್ಮಲ್ಲಿ ಪುಸ್ತಕ ಏನ್ರೀ ಇಷ್ಟು ಬೇಗ ಸಿಗುತ್ತೆ!” ಎಂದಾಗ ಲೈಬ್ರೇರಿಯನ್ನರು ನನ್ನ ಕಡೆ ಕೈ ತೋರಿಸಿದ್ದರು. ನಾನೂ ಆ ಹೊಗಳಿಕೆಯನ್ನು ಬೇಡ ಎನ್ನಲಿಲ್ಲ.

ಮೂರನೆಯ ಬೇಸಿಗೆಗೆ ಹೊಸ ಪ್ರಿನ್ಸಿಪಾಲರು ಬಂದರು. ಬಂದವರೇ ಲೈಬ್ರರಿಯ ಪುಸ್ತಕಗಳನ್ನೆಲ್ಲ ತಾಳೆ ನೋಡಬೇಕೆಂದು ಆರ್ಡರ್ ಹಾಕಿದರು. ನಿಯಮದ ಪ್ರಕಾರ ಪುಸ್ತಕ ಯಾರ ಸುಪರ್ದಿನಲ್ಲಿದೆಯೋ ಅವರು ತಾಳೆಯ ಹೊತ್ತಿಗೆ ಒಳಗಿರಬಾರದು. ಅಟೆಂಡರ ಹತ್ತಿರ ಬೀಗದ ಕೈ ಇಸಿದುಕೊಂಡು ಅವರನ್ನು ವರಾಂಡದಲ್ಲಿ ಕೂರಿಸಿದರು. ಆಫೀಸಿನ ಇಬ್ಬರು ಗುಮಾಸ್ತರು ಒಳಗೆ ಹೋದರು. ಕಾರ್ಡುಗಳ ಡ್ರಾಯರುಗಳನ್ನು ಒಂದೊಂದಾಗಿ ಹೊತ್ತು ಕೊಡುವುದು, ಮುಗಿದದ್ದನ್ನು ವಾಪಸು ತರುವುದು ನನ್ನ ಕೆಲಸ. ಜಾಲರಿಯ ಒಳಗೆ ನಾನೂ ಹೋಗುವಂತಿರಲಿಲ್ಲ.

ಒಬ್ಬ ಗುಮಾಸ್ತ ಕಾರ್ಡು ಓದುವುದು, ಇನ್ನೊಬ್ಬ ರ‍್ಯಾಕಿನಲ್ಲಿ ಪುಸ್ತಕ ನೋಡಿ “ಇದೆ” ಅಥವಾ “ಇಲ್ಲ” ಎನ್ನುವುದು. ಕಾರ್ಡುಗಳಿದ್ದದ್ದು ಸರಿಯಾದ ವರಸೆಯಲ್ಲಿ, ಬರೆದವನು ನಾನಲ್ಲವೇ. 338.1 ಓದಿದರು, ಇದೆ. 338.12 ಓದಿದರು, ಪಕ್ಕದಲ್ಲಿದ್ದದ್ದು 338.2. ಇಲ್ಲ. ಅದೇ 338.12 ಮಾರುದ್ದ ಮುಂದೆ, 338.9 ಆದಮೇಲೆ ನೆಟ್ಟಗೆ ನಿಂತಿತ್ತು. ಅಲ್ಲಿಗೆ ಬರುವ ಹೊತ್ತಿಗೆ ಅದರ ಕಾರ್ಡು ದಾಟಿಹೋಗಿತ್ತು. ಕಾರ್ಡಿಲ್ಲದೆ ಮಿಕ್ಕಿದ ಪುಸ್ತಕ ಕಂಡರೆ ಬರೆದುಕೊಳ್ಳಿ ಎಂದು ಆರ್ಡರಿನಲ್ಲಿ ಇರಲಿಲ್ಲ, ಅವರೂ ಬರೆದುಕೊಳ್ಳಲಿಲ್ಲ. “ಇಲ್ಲ” ಎಂಬ ಮಾತು ಈಚೆಗೆ ಕೇಳಿಸಿದಾಗಲೆಲ್ಲ ನನಗೆ ಆಶ್ಚರ್ಯವಾಗುತ್ತಿತ್ತು. ನಿಜ ಹೇಳುತ್ತೇನೆ, ಆ ಒಂಬತ್ತು ದಿನವೂ ಕಾರಣ ನನಗೆ ಹೊಳೆಯಲಿಲ್ಲ.

ಒಟ್ಟು ನೂರಾ ಎಂಬತ್ತಮೂರು ಪುಸ್ತಕ ಇಲ್ಲ ಎಂದಾಯಿತು. ಆಫೀಸಿನವರು ಪಟ್ಟಿ ಟೈಪು ಮಾಡಿದರು. ಅವರ ನಮೂನೆಯಲ್ಲಿದ್ದ ಕಾಲಮ್ಮುಗಳು ಮೂರು: ಪುಸ್ತಕ ಬಂದ ದಿನ ರಿಜಿಸ್ಟರಿನಲ್ಲಿ ಕೊಟ್ಟ ಕ್ರಮಸಂಖ್ಯೆ, ಬರೆದವರ ಹೆಸರು, ಪುಸ್ತಕದ ಹೆಸರು. ಕಾಲ್ ನಂಬರಿಗೆ ಕಾಲಮ್ಮೇ ಇರಲಿಲ್ಲ.

ಶುಕ್ರವಾರ ಮಧ್ಯಾಹ್ನ ಪ್ರಿನ್ಸಿಪಾಲರ ರೂಮಿಗೆ ಅಟೆಂಡರನ್ನು ಕರೆಸಿದರು. ಪ್ರಿನ್ಸಿಪಾಲರು, ಲೈಬ್ರೇರಿಯನ್ನರು, ಲೈಬ್ರರಿ ಕಮಿಟಿಯ ಅರ್ಥಶಾಸ್ತ್ರದ ಮೇಷ್ಟರು, ಇಬ್ಬರು ಗುಮಾಸ್ತರು ಕೂತಿದ್ದರು. ನಾನು ಕಾರ್ಡಿನ ಡ್ರಾಯರೊಂದನ್ನು ಎದೆಗಾನಿಸಿಕೊಂಡು ಗೋಡೆಯ ಹತ್ತಿರ ನಿಂತಿದ್ದೆ. ಬೇಕಾದರೆ ನೋಡೋಣ ಎಂದು ಲೈಬ್ರೇರಿಯನ್ನರೇ ತರಿಸಿದ್ದರು.

“ನೂರಾ ಎಂಬತ್ತಮೂರು ಪುಸ್ತಕ ಎಲ್ಲಿ ಹೋಯ್ತಪ್ಪ?” ಎಂದರು ಪ್ರಿನ್ಸಿಪಾಲರು.

“ಎಲ್ಲೂ ಹೋಗಿಲ್ಲ ಸ್ವಾಮಿ. ಅವೇ. ನಂಬರ್ ಹೇಳಿ, ತಂದ್ಕೊಡ್ತೀನಿ,” ಎಂದರು ಅಟೆಂಡರು. ದನಿಯಲ್ಲಿ ಗಾಬರಿ ಇರಲಿಲ್ಲ.

ಗುಮಾಸ್ತ ಪಟ್ಟಿ ನೋಡಿ, “ನಾಲ್ಕು ಸಾವಿರದ ಮುನ್ನೂರ ಹನ್ನೆರಡು,” ಎಂದು ಓದಿದ.

“ಅದು ರಿಜಿಸ್ಟರ್ ನಂಬರ್ ಸ್ವಾಮಿ. ಅದ್ರಿಂದ ನಂಗೆ ಗೊತ್ತಾಗಕಿಲ್ಲ. ಬೆನ್ನಿನ ನಂಬರ್ ಹೇಳಿ.”

“ಹೆಸರು ಹೇಳ್ತೀನಿ, ಕೇಳಿಸ್ಕೋ,” ಎಂದು ಗುಮಾಸ್ತ ಇಂಗ್ಲಿಷಿನಲ್ಲಿ ಪುಸ್ತಕದ ಹೆಸರು ಓದಿದ.

“ಹೆಸ್ರು ನಂಗೆ ಬರಕಿಲ್ಲ. ಬೆನ್ನಿನ ನಂಬರ್ ಹೇಳಿ ಸ್ವಾಮಿ, ಈಗ್ಲೇ ತರ್ತೀನಿ.”

ಪ್ರಿನ್ಸಿಪಾಲರ ಮುಖ ಕೆಂಪಾಯಿತು. “ನೋಡ್ರೀ, ಪುಸ್ತಕ ಕೇಳಿದ್ರೆ ನಮಗೇ ಪಾಠ ಹೇಳ್ತಾನೆ,” ಎಂದರು. ಇನ್ನೊಬ್ಬ ಗುಮಾಸ್ತ ಮೆಲ್ಲಗೆ, “ಹೊಸಹಳ್ಳಿ ಅಂಗಡೀಲಿ ಕಡಲೆಕಾಯಿ ಕಟ್ಟೋಕೆ ಈಚೆಗೆ ಇಂಗ್ಲಿಷ್ ಕಾಗದ ಸಿಗ್ತಾ ಇದೆಯಂತೆ ಸಾರ್,” ಎಂದ. ಅರ್ಥಶಾಸ್ತ್ರದ ಮೇಷ್ಟರು ಗಟ್ಟಿಯಾಗಿ ನಕ್ಕರು.

ಆ ಮೊದಲ ಪುಸ್ತಕದ ಹೆಸರು ಕೇಳಿದ ಕೂಡಲೇ ನನ್ನ ಬೆರಳು ಅಭ್ಯಾಸಬಲದಿಂದ ಡ್ರಾಯರಿನೊಳಗೆ ಹೋಗಿತ್ತು. ಕಾರ್ಡು ಸಿಕ್ಕಿತು. ಎಡಮೂಲೆಯಲ್ಲಿ ನನ್ನದೇ ಕೈಬರಹ, 338.12. ನೋಡಿದೆ, ಒಂಬತ್ತನೇ ಮನೆ ಆದಮೇಲೆ ಹನ್ನೆರಡನೇ ಮನೆ ಎಂದು ನಾನೇ ಹೇಳಿದ್ದು ಕಿವಿಯಲ್ಲಿ ಕೇಳಿಸಿತು. ಪುಸ್ತಕ ಎಲ್ಲಿದೆಯೆಂದು ಆ ಕ್ಷಣಕ್ಕೇ ನನಗೆ ಗೊತ್ತಾಯಿತು. ನೂರಾ ಎಂಬತ್ತಮೂರೂ ಎಲ್ಲಿವೆಯೆಂದು ಗೊತ್ತಾಯಿತು.

ನಾನು ಮಾಡಬೇಕಾಗಿದ್ದದ್ದು ಇಷ್ಟೇ. “ಯಜಮಾನ್ರೇ, ಮುನ್ನೂರ ಮೂವತ್ತೆಂಟು ಚುಕ್ಕಿ ಹನ್ನೆರಡು,” ಎನ್ನಬೇಕಿತ್ತು. ಅವರು ಎರಡು ನಿಮಿಷದಲ್ಲಿ ಪುಸ್ತಕ ತಂದು ಮೇಜಿನ ಮೇಲೆ ಇಡುತ್ತಿದ್ದರು. ಆದರೆ ಅದೇ ವಾರ ಲೈಬ್ರೇರಿಯನ್ನರು ನನ್ನ ಹೆಸರನ್ನು ಡಿಪ್ಲೊಮಾ ತರಬೇತಿಗೆ ಬರೆದಿದ್ದರು. ಆ ಕಾಗದ ಪ್ರಿನ್ಸಿಪಾಲರ ಮೇಜಿನ ಮೇಲೆ ಸಹಿಗೆ ಕಾಯುತ್ತಿತ್ತು, ನಿಂತಲ್ಲಿಂದಲೇ ನನಗೆ ಕಾಣುತ್ತಿತ್ತು. ನಂಬರು ಹೇಳಿದರೆ ಪುಸ್ತಕ ಬರುತ್ತದೆ, ಬಂದರೆ ತಪ್ಪು ಜಾಗದಲ್ಲಿ ಏಕಿತ್ತು ಎಂಬ ಪ್ರಶ್ನೆ ಬರುತ್ತದೆ, ಆಮೇಲೆ ಯಾರು ಹೇಳಿಕೊಟ್ಟರು ಎಂಬ ಪ್ರಶ್ನೆ. ಕಾರ್ಡನ್ನು ಮತ್ತೆ ಒಳಗೆ ತಳ್ಳಿದೆ. ಅಟೆಂಡರು ಒಂದು ಸಲ ನನ್ನ ಕಡೆ ನೋಡಿದರು. ನಂಬರು ಹೇಳುವವನು ನಾನೇ ಅಲ್ಲವೇ, ಅದಕ್ಕೆ ನೋಡಿದರು. ನಾನು ಡ್ರಾಯರಿನ ಹಿಡಿಯನ್ನು ನೋಡುತ್ತಾ ನಿಂತೆ.

ಸೋಮವಾರ ಪೊಲೀಸರಿಗೆ ಕಂಪ್ಲೇಂಟ್ ಕೊಡುವುದೆಂದು ತೀರ್ಮಾನವಾಯಿತು. ಅಟೆಂಡರನ್ನು ಅಲ್ಲಿಯವರೆಗೆ ಲೈಬ್ರರಿಯ ಮೆಟ್ಟಿಲು ಹತ್ತಬೇಡ ಎಂದರು. ಅವರು ತಲೆಗೆ ಸುತ್ತಿದ್ದ ವಸ್ತ್ರವನ್ನು ಬಿಚ್ಚಿ ಹೆಗಲಿಗೆ ಹಾಕಿಕೊಂಡು ಹೊಸಹಳ್ಳಿಯ ದಾರಿ ಹಿಡಿದರು.

ಪೊಲೀಸ್ ಎಂದ ಮೇಲೆ ಮಾತ್ರ ನನಗೆ ಕೂರಲಾಗಲಿಲ್ಲ. ಶನಿವಾರ ಲೈಬ್ರೇರಿಯನ್ನರ ಮನೆಗೆ ಹೋಗಿ, “ಇನ್ನೊಂದ್ಸಲ ನೋಡ್ತೀನಿ ಸಾರ್, ಎಲ್ಲಾದ್ರೂ ಸೇರ್ಕೊಂಡಿರಬೋದು,” ಎಂದೆ. ಅವರು ಬೀಗದ ಕೈ ಕೊಟ್ಟು, “ಒಳ್ಳೇದು ಕಣಪ್ಪ, ನಿನಗಿರೋ ಕಾಳಜಿ ಯಾರಿಗಿದೆ,” ಎಂದರು. ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡು ಬಂದೆ.

ಭಾನುವಾರ ಬೆಳಿಗ್ಗೆ ಏಳಕ್ಕೇ ಜಾಲರಿಯ ಒಳಗೆ ಹೋದೆ. ಎರಡು ವರ್ಷದಲ್ಲಿ ನಾನು ಒಳಗೆ ಹೋದದ್ದು ಬೆರಳೆಣಿಕೆಯಷ್ಟು ಸಲ, ಹೋದಾಗಲೂ ಪುಸ್ತಕದ ಬೆನ್ನು ನೋಡಿದ್ದಿಲ್ಲ. ಈಗ ಒಂದೊಂದು ರ‍್ಯಾಕನ್ನೂ ನೋಡುತ್ತಾ ಹೋದೆ. ಅಂಚಿಗೆ ಸರಿಯಾಗಿ ಎಳೆದು ನಿಲ್ಲಿಸಿದ ಪುಸ್ತಕಗಳು, ಎಲ್ಲೂ ಒಂದು ಬೀಳಲು ಬಿಟ್ಟಿಲ್ಲ, ಒಂದು ತಲೆಕೆಳಗಾಗಿಲ್ಲ. 330.9 ಆದಮೇಲೆ 330.15. 537.8 ಆದಮೇಲೆ 537.12, ಅದಾದಮೇಲೆ 537.24. ಎಲ್ಲೂ ಒಂದು ತಪ್ಪಿಲ್ಲ. ನಾನು ಹೇಳಿದ್ದನ್ನು ಇಷ್ಟು ಶ್ರದ್ಧೆಯಿಂದ ಯಾರೂ ಯಾವತ್ತೂ ಪಾಲಿಸಿರಲಿಲ್ಲ. ನಾನು ಅಲ್ಲೇ ಸ್ಟೂಲಿನ ಮೇಲೆ ಕೂತು ಅತ್ತೆ. ಆಮೇಲೆ ಕಣ್ಣೊರೆಸಿಕೊಂಡು ನನ್ನ ಕೆಲಸ ಶುರು ಮಾಡಿದೆ, ಅದು ಅದಕ್ಕಿಂತ ನಾಚಿಕೆಗೇಡಿನದು.

ಒಂದೊಂದು ಪುಸ್ತಕವನ್ನೂ ಕಿತ್ತು ಸರಿಯಾದ ಜಾಗಕ್ಕೆ ತಂದೆ. ಎಡೆ ಮಾಡಲು ಹತ್ತು ಪುಸ್ತಕ ಸರಿಸಬೇಕು, ರ‍್ಯಾಕು ತುಂಬಿದ್ದರೆ ಕಡೆಯ ನಾಲ್ಕನ್ನು ಮುಂದಿನ ರ‍್ಯಾಕಿಗೆ ಒಯ್ಯಬೇಕು, ಆಗ ಅದರಿಂದಾಚೆಯದೆಲ್ಲ ಸರಿಯಬೇಕು. ಪಟ್ಟಿಯಲ್ಲಿ ಒಂದೊಂದಕ್ಕೂ ಗುರುತು ಹಾಕಿದೆ. ಸಂಜೆ ನಾಲ್ಕಕ್ಕೆ ನೂರಾ ಎಂಬತ್ತಮೂರೂ ಸಿಕ್ಕವು, ಒಂದೂ ಕಡಮೆಯಿಲ್ಲ. ಅಲ್ಲೇ ಕೂತು ರಿಪೋರ್ಟ್ ಬರೆದೆ. ಪುಸ್ತಕ ಕಳುವಾಗಿಲ್ಲ, ಅಟೆಂಡರಿಗೆ ದಶಾಂಶದ ತಿಳಿವಳಿಕೆ ಇಲ್ಲದ್ದರಿಂದ ತಪ್ಪು ಜಾಗದಲ್ಲಿದ್ದವು, ಎಲ್ಲವನ್ನೂ ಸರಿಪಡಿಸಲಾಗಿದೆ ಎಂದು ಇಂಗ್ಲಿಷಿನಲ್ಲಿ ಅಂದವಾಗಿ ಬರೆದೆ. ಅದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ತಿಳಿವಳಿಕೆ ಏಕೆ ಇಲ್ಲ ಎಂಬುದನ್ನು ಮಾತ್ರ ಬಿಟ್ಟಿದ್ದೆ.

ಸೋಮವಾರ ಪ್ರಿನ್ಸಿಪಾಲರು ನನ್ನ ಬೆನ್ನು ತಟ್ಟಿದರು. ಕಂಪ್ಲೇಂಟ್ ನಿಂತಿತು. ತರಬೇತಿಯ ಕಾಗದಕ್ಕೆ ಸಹಿ ಬಿತ್ತು. ‘ಪುಸ್ತಕದ ಕೆಲಸಕ್ಕೆ ಲಾಯಕ್ಕಲ್ಲ’ ಎಂದು ಷರಾ ಬರೆದು ಅಟೆಂಡರನ್ನು ಸೈಕಲ್ ಸ್ಟ್ಯಾಂಡಿಗೆ ಹಾಕಿದರು. ಆ ದಿನ ಸಂಜೆ ನಾನು ಸೈಕಲ್ ತೆಗೆಯಲು ಹೋದಾಗ ಅವರು ಎದ್ದು ನಿಂತು ಕೈಮುಗಿದರು. “ನೀವಿಲ್ದಿದ್ರೆ ಈ ವಯಸ್ನಲ್ಲಿ ಟೇಸನ್ ಮೆಟ್ಟಿಲು ಹತ್ಬೇಕಾಗಿತ್ತು ಸ್ವಾಮಿ. ನಿಮ್ಮ ಋಣ ಮರೆಯಕಿಲ್ಲ,” ಎಂದರು. ನಾನು “ಇರ್ಲಿ ಬಿಡಿ ಯಜಮಾನ್ರೇ,” ಎಂದು ಪೆಡಲು ತುಳಿದೆ.

ಕಾಲೇಜು ಶುರುವಾಯಿತು. ಕಿಂಡಿಯ ಕೆಲಸ ತಾತ್ಕಾಲಿಕವಾಗಿ ನನ್ನ ಮೇಲೆ ಬಿತ್ತು. ಡಿಪ್ಲೊಮಾಕ್ಕೆ ಹೋಗುವ ಪಂಡಿತ ನಾನು, ಒಂದೊಂದು ಚೀಟಿಗೂ ಹತ್ತು ನಿಮಿಷ ತೆಗೆದುಕೊಳ್ಳುತ್ತಿದ್ದೆ. ಕಿಂಡಿಯ ಮುಂದೆ ಸಾಲು ಬೆಳೆದರೆ, “ಆ ಹಳೆಯ ಯಜಮಾನ್ರು ಎಲ್ಲಿ ಸಾರ್?” ಎಂದು ವಿದ್ಯಾರ್ಥಿಗಳು ಕೇಳುತ್ತಿದ್ದರು.

ಒಂದು ತಿಂಗಳಾದ ಮೇಲೆ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಅಟೆಂಡರು ನನ್ನನ್ನು ಸೈಕಲ್ ಸ್ಟ್ಯಾಂಡಿನ ತಗಡಿನ ನೆರಳಿಗೆ ಕರೆದರು. “ಒಂದು ಕೇಳ್ಲಾ ಸ್ವಾಮಿ? ಬೇಜಾರ್ ಮಾಡ್ಕೋಬೇಡಿ. ನೀವು ಸರಿಯಾಗೇ ಹೇಳ್ಕೊಟ್ಟಿರ್ತೀರಿ. ನಾನೇ ದಡ್ಡ, ಎಲ್ಲೋ ತಪ್ಪು ತಿಳ್ಕೊಂಡೆ. ಎಲ್ಲಿ ತಪ್ಪಿದೆ ಅಂತ ಒಂದ್ಸಲ ಹೇಳಿ, ಸಾಕು. ಇನ್ನು ಒಳಗೆ ಬಿಡಕಿಲ್ಲ, ಗೊತ್ತು. ಆದ್ರೂ ತಿಳ್ಕೋಬೇಕು ಅಂತ.”

ನೆಲದ ಮೇಲೆ ಕಡ್ಡಿಯಲ್ಲಿ 338.9 ಎಂದೂ 338.12 ಎಂದೂ ಬರೆದೆ. “ಇದನ್ನ ರಾಗಿ ಅಳೆಯೋ ಹಂಗೆ ನೋಡಿ ಯಜಮಾನ್ರೇ. ಚುಕ್ಕಿಗೆ ಮುಂಚೆ ಇರೋದು ಸೇರು. ಚುಕ್ಕಿ ಆದ್ಮೇಲೆ ಮೊದಲನೇ ಅಂಕಿ ಪಾವು, ಎರಡನೇದು ಚಟಾಕು. ಇಲ್ಲಿ ಸೇರಿಗೆ ನಾಲ್ಕಲ್ಲ, ಹತ್ತು ಪಾವು ಅಂದ್ಕೊಳ್ಳಿ. ಪಾವಿಗೆ ಹತ್ತು ಚಟಾಕು.”

ಅವರು ಬಗ್ಗಿ ನೋಡಿದರು. “ಇದು ಒಂಬತ್ತು ಪಾವು. ಇದು ಒಂದ್ ಪಾವು, ಎರಡು ಚಟಾಕು. ಇದೇ ಕಮ್ಮಿ. ಇದು ಮೊದ್ಲು ಬರ್ಬೇಕು.” ತಲೆಯೆತ್ತಿ, “ಇಷ್ಟೇನಾ?” ಎಂದರು.

ಇಷ್ಟೇ. ಐದು ನಿಮಿಷವೂ ಹಿಡಿಯಲಿಲ್ಲ. ಆ ಶನಿವಾರ ಇನ್ನೈದು ನಿಮಿಷ ನಿಂತಿದ್ದರೂ ನನ್ನ ಮ್ಯಾಟಿನಿ ತಪ್ಪುತ್ತಿರಲಿಲ್ಲ.

ಅವರು ನೆಲದ ಮೇಲಿನ ಅಂಕಿಯನ್ನೇ ನೋಡುತ್ತಾ ನಿಂತಿದ್ದರು. ಆಮೇಲೆ ನಿಧಾನವಾಗಿ, “ಮನೆ ನಂಬರ್ ಅಂದಿದ್ರಿ ನೀವು,” ಎಂದರು. “ಬೀದಿ, ಮನೆ ಅಂತ. ಒಂಬತ್ತಾದ್ಮೇಲೆ ಹನ್ನೆರಡು ಅಂದಿದ್ರಿ.”

“ಅಂದಿದ್ದೆ.”

“ಹಂಗಾರೆ ನಾನು ಇಟ್ಟಿದ್ದು ನೀವು ಹೇಳಿದ ಹಂಗೇ.”

“ಹೌದು ಯಜಮಾನ್ರೇ. ತಪ್ಪು ನಂದು. ಅವತ್ತು ರೂಮಲ್ಲೇ ನಂಗೆ ಗೊತ್ತಾಯ್ತು. ಹೇಳ್ಲಿಲ್ಲ.”

ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಅವರು ಕಾಲಿನಿಂದ ಅಂಕಿಗಳನ್ನು ಅಳಿಸಿದರು. “ಅವತ್ತು ರೂಮಲ್ಲಿ ಎಷ್ಟು ಜನ ಇದ್ರು?” ಎಂದು ಕೇಳಿದರು.

“ಐದು.”

“ನನ್ ಒಬ್ಬನ ಮುಂದೆ ಹೇಳಿದ್ರೆ ಏನ್ ಬಂತು ಸ್ವಾಮಿ? ಐದು ಜನದ ಮುಂದೆ ನಾನು ಕಳ್ಳ ಆದೆ. ಐದು ಜನಕ್ಕೂ ಹೇಳಿ.” ಇಷ್ಟು ಹೇಳಿ, ಸೈಕಲ್ ಕೇಳಿಕೊಂಡು ಬಂದವರ ಕಡೆಗೆ ಹೋದರು.

ಎರಡು ದಿನ ಹಿಂದೆ ಮುಂದೆ ನೋಡಿದೆ. ಮೂರನೆಯ ದಿನ ಬೆಳಿಗ್ಗೆ ಪ್ರಿನ್ಸಿಪಾಲರ ರೂಮಿಗೆ ಹೋಗಿ ಎಲ್ಲವನ್ನೂ ಹೇಳಿದೆ, ಮ್ಯಾಟಿನಿಯನ್ನೂ ಸೇರಿಸಿ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಅವತ್ತು ಕಾರ್ಡು ನಿನ್ನ ಕೈಯಲ್ಲೇ ಇತ್ತಲ್ಲಯ್ಯ?” ಎಂದರು. “ಇತ್ತು ಸಾರ್,” ಎಂದೆ. ನನ್ನೆದುರಿಗೇ ತರಬೇತಿಯ ಆರ್ಡರ್ ತರಿಸಿ ಅದರ ಮೇಲೆ ಗೆರೆ ಎಳೆದರು. ಆ ಗೆರೆ ನ್ಯಾಯವಾದದ್ದೇ, ಆದರೂ ನನಗೆ ನೋವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಲೈಬ್ರೇರಿಯನ್ನರಿಗೆ ಹೇಳಿದೆ, ಅವರು ನನ್ನ ಜೊತೆ ಒಂದು ವಾರ ಮಾತಾಡಲಿಲ್ಲ. ಇಬ್ಬರು ಗುಮಾಸ್ತರಿಗೆ ಅವರ ಮೇಜಿನ ಹತ್ತಿರವೇ ನಿಂತು ಹೇಳಿದೆ. ಕಡಲೆಕಾಯಿಯ ಮಾತಾಡಿದವನು ಫೈಲಿನಿಂದ ತಲೆ ಎತ್ತಲಿಲ್ಲ.

ಪ್ರಿನ್ಸಿಪಾಲರು ಒಂದು ಪರೀಕ್ಷೆ ಇಟ್ಟರು. ಹತ್ತು ಚೀಟಿ ನಾನು ಬರೆಯಬೇಕು, ಅಟೆಂಡರು ತರಬೇಕು. ಬೇಕೆಂದೇ ಕಷ್ಟದ ನಂಬರುಗಳನ್ನು ಬರೆದೆ, ಸುಲಭದ್ದನ್ನು ಬರೆದರೆ ಮತ್ತೆ ಅವಮಾನ ಮಾಡಿದಂತೆ. ನಾನು ಜೋಡಿಸಿದ ರ‍್ಯಾಕುಗಳನ್ನು ಅಟೆಂಡರು ನೋಡಿಯೇ ಇರಲಿಲ್ಲ. ಬರಿಗಾಲಿನ ಸದ್ದು ಅತ್ತ ಹೋಯಿತು, ನಡುನಡುವೆ ನಿಂತಿತು, “ಒಂದ್ ಪಾವು, ನಾಲ್ಕು ಚಟಾಕು” ಎಂದು ಮೆಲ್ಲಗೆ ಹೇಳಿಕೊಳ್ಳುವುದು ಕೇಳಿಸಿತು. ಹತ್ತೂ ಪುಸ್ತಕ ಕಿಂಡಿಗೆ ಬಂದವು. ಪ್ರಿನ್ಸಿಪಾಲರು ಒಂದೊಂದನ್ನೂ ಚೀಟಿಗೆ ತಾಳೆ ನೋಡಿ, “ನಾಳೆಯಿಂದ ನೀವೇ ಇಲ್ಲಿರಿ,” ಎಂದರು. ‘ನೀವು’ ಎಂದದ್ದನ್ನು ನಾವೆಲ್ಲರೂ ಗಮನಿಸಿದೆವು.

ಅವರು ಹೋದ ಮೇಲೆ ಅಟೆಂಡರು ಕಿಂಡಿಯಿಂದಲೇ, “ನಾಲ್ಕು ಜನ ಆಯ್ತು. ಅರ್ಥಶಾಸ್ತ್ರದ ಮೇಷ್ಟ್ರು?” ಎಂದು ಕೇಳಿದರು.

ಆ ಮೇಷ್ಟರು ಬೇಸಿಗೆ ರಜೆಯಲ್ಲೇ ಮೈಸೂರು ಕಡೆಯ ಕಾಲೇಜೊಂದಕ್ಕೆ ಹೋಗಿಬಿಟ್ಟಿದ್ದರು. “ಕಾಗದ ಬರೀತೀನಿ,” ಎಂದೆ. ನಿಜವಾಗಿಯೂ ಬರೆಯಬೇಕೆಂದಿದ್ದೆ. ವಿಳಾಸ ಕೂಡ ಆಫೀಸಿನಿಂದ ತಂದಿಟ್ಟುಕೊಂಡೆ. ಇವತ್ತು, ನಾಳೆ ಎಂದು ದಿನ ಹೋದವು. ತಪ್ಪನ್ನು ನಾಲ್ಕು ಸಲ ಹೇಳಿದ ಮೇಲೆ ಐದನೆಯದು ಸಲೀಸಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ. ಒಂದು ದಿನ ಅಟೆಂಡರು ಮತ್ತೆ ಕೇಳಿದಾಗ ಬಾಯಿಗೆ ಬಂದದ್ದು, “ಬರೆದೆ ಯಜಮಾನ್ರೇ.”

“ಐದೂ ಜನಕ್ಕೆ ಹೇಳಿದ್ರಲ್ಲ. ಸಾಕು ಬಿಡಿ,” ಎಂದರು. ಅವತ್ತಿನಿಂದ ನನ್ನೊಡನೆ ಮೊದಲಿನ ಹಾಗೇ ನಕ್ಕು ಮಾತಾಡತೊಡಗಿದರು, ಚಳಿಗಾಲದಲ್ಲಿ ಮನೆಯಿಂದ ಅವರೆಕಾಯಿ ತಂದುಕೊಡುತ್ತಿದ್ದರು. ನಾನು ತಿನ್ನುತ್ತಿದ್ದೆ.

ಎರಡು ವರ್ಷವಾದ ಮೇಲೆ ನಮ್ಮ ಚಿಕ್ಕಮ್ಮನ ಮನೆಯ ನಾಮಕರಣಕ್ಕೆ ಕೆಂಗೇರಿಗೆ ಹೋಗಿದ್ದೆ. ವಾಪಸು ಬರಲು ನಿಂತಿದ್ದಾಗ ಬಸ್ಸಿಗೆ ಕಾಯುತ್ತಿದ್ದವರಲ್ಲಿ ಆ ಅರ್ಥಶಾಸ್ತ್ರದ ಮೇಷ್ಟರು ಇದ್ದರು. ಅವರೇ ಗುರುತು ಹಿಡಿದು ಹತ್ತಿರ ಬಂದರು. ಕ್ಷೇಮಸಮಾಚಾರಕ್ಕಿಂತ ಮುಂಚೆ ಅವರು ಕೇಳಿದ್ದು, “ಏನ್ರೀ, ಆ ಪುಸ್ತಕ ಕದ್ದ ಅಟೆಂಡರ್ ಏನಾದ? ಜೈಲಿಗೆ ಹೋದ್ನಾ?”

ಅಲ್ಲೇ ನಿಂತು ಎಲ್ಲವನ್ನೂ ಹೇಳಿದೆ. ಅವರು ಬಾಯಿ ತೆರೆದುಕೊಂಡು ಕೇಳಿದರು. “ಅಯ್ಯೋ ಪಾಪ. ಹೌದೇನ್ರೀ?” ಎಂದರು. “ನಾನು ಅಲ್ಲಿ ಸ್ಟಾಫ್ ರೂಮಿನಲ್ಲಿ ಈ ಕಥೆ ಎಷ್ಟು ಸಲ ಹೇಳಿದೀನಿ ಗೊತ್ತಾ? ಕಡಲೆಕಾಯಿ ಪೊಟ್ಟಣದ್ದು. ಎಲ್ಲರೂ ಬಿದ್ದು ಬಿದ್ದು ನಗ್ತಾರೆ. ಮದುವೆ ಮನೇಲೂ ಹೇಳಿದೀನಿ.” ಅಷ್ಟರಲ್ಲಿ ಅವರ ಬಸ್ಸು ಬಂತು, ಕೈಬೀಸಿ ಹತ್ತಿಕೊಂಡರು.

ಮಾರನೆಯ ದಿನ ಲೈಬ್ರರಿಗೆ ಹೋದವನು ನೇರವಾಗಿ ಜಾಲರಿಯ ಒಳಗೆ ಹೋದೆ. ಅಟೆಂಡರು ಏಣಿಯ ಮೇಲಿದ್ದರು, ಬೆನ್ನು ನನ್ನ ಕಡೆಗಿತ್ತು. ಹೆಜ್ಜೆಯ ಸದ್ದು ಕೇಳಿ ತಿರುಗದೆಯೇ, “ನಂಬರ್ ಹೇಳಿ ಸ್ವಾಮಿ,” ಎಂದರು.

“ಅವತ್ತು ನಾನು ಕಾಗದ ಬರೆದಿರಲಿಲ್ಲ ಯಜಮಾನ್ರೇ,” ಎಂದೆ. ಮೇಷ್ಟರು ಸಿಕ್ಕಿದ್ದನ್ನು, ಅವರು ಹೇಳಿದ್ದನ್ನು, ನಕ್ಕವರನ್ನು, ಮದುವೆ ಮನೆಯನ್ನು, ಎಲ್ಲವನ್ನೂ ಹೇಳಿದೆ.

ಅವರು ಒಂದೊಂದೇ ಮೆಟ್ಟಿಲು ಇಳಿದು ಬಂದರು. ಕೈಯಲ್ಲಿದ್ದ ಪುಸ್ತಕದ ಧೂಳನ್ನು ವಸ್ತ್ರದಿಂದ ಒರೆಸಿದರು. “ಎಷ್ಟು ಜನಕ್ಕೆ ಹೇಳಿದಾರಂತೆ?” ಎಂದು ಕೇಳಿದರು.

“ಗೊತ್ತಿಲ್ಲ. ಈಗ್ಲಾದ್ರೂ ನಾನೇ ಆ ಊರಿಗೆ ಹೋಗಿ...”

“ಬೇಡಿ,” ಎಂದರು. ನನ್ನ ಮೇಲೆ ಸಿಟ್ಟಿದ್ದಂತೆ ಕಾಣಲಿಲ್ಲ, ನನ್ನನ್ನು ನೋಡುತ್ತಲೂ ಇರಲಿಲ್ಲ. “ನಂಬರ್ ಇಲ್ದೇ ಇರೋದನ್ನ ಎಲ್ಲಿ ಅಂತ ಹುಡುಕ್ತೀರಿ ಸ್ವಾಮಿ?”

ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಮತ್ತೆ ಏಣಿ ಹತ್ತಿದರು. ಆ ಚಳಿಗಾಲ ಅವರು ಅವರೆಕಾಯಿ ತರಲಿಲ್ಲ.